ಉದ್ಘಾಟನೆಗೆ ಮೊದಲು ಕೈ ತೊಳೆಯತಕ್ಕದ್ದಲ್ಲ

ಸಾನ್ ಬಾರ್ತೊಲೊ ಪುರಸಭೆಯ ಕಸಾಯಿಖಾನೆಯಲ್ಲಿರುವ ಕೈ ತೊಳೆಯುವ ಬೇಸಿನ್ನು ಇಡೀ ರಾಜ್ಯದಲ್ಲೇ ಅತ್ಯಂತ ಸ್ವಚ್ಛವಾದ ಬೇಸಿನ್ನು ಎಂದು ಸರ್ಕಾರವೇ ಒಪ್ಪಿಕೊಂಡಿದೆ. ಕಾರಣ ಸರಳ. ಕಸಾಯಿಖಾನೆಯವರು ಯಾರೂ ಅದರಲ್ಲಿ ಕೈ ತೊಳೆದಿಲ್ಲ.

ಬೇಸಿನ್ನು ಬಂದದ್ದು ಈಸ್ಟರ್ ಮುಗಿದು ಹಂದಿ ಕಡಿಯುವ ಕೆಲಸ ಮತ್ತೆ ಜೋರಾದ ವಾರ. ಅದನ್ನು ಲಾರಿಯಿಂದ ಇಳಿಸುವಾಗ ಕೆಲಸಗಾರರೆಲ್ಲ ಕತ್ತಿ ಕೆಳಗಿಟ್ಟು ಅಂಗಳಕ್ಕೆ ಬಂದರು. ಮುಖ ಕಾಣುವಷ್ಟು ಹೊಳೆಯುವ ಸ್ಟೀಲು. ನಲ್ಲಿಗೆ ತಿರುಪು ಇಲ್ಲ. ಕೆಳಗೆ ಒಂದು ಹಲಗೆ, ಅದನ್ನು ಮೊಣಕಾಲಿನಿಂದ ಒತ್ತಿದರೆ ಬಿಸಿನೀರು. ಕೊಳಕು ಕೈ ನಲ್ಲಿಗೆ ತಾಗಬಾರದು ಎಂಬುದು ತಯಾರಿಸಿದವರ ಯೋಚನೆ. ಪಕ್ಕದಲ್ಲಿ ಸೋಪಿನ ಡಬ್ಬಿ, ಉಗುರು ಉಜ್ಜುವ ಬ್ರಷ್ಷು, ಒಂದು ಕನ್ನಡಿ.

ಅಲ್ಲಿಯವರೆಗೆ ಎಲ್ಲರೂ ಬಾಗಿಲ ಬಳಿಯ ಡ್ರಮ್ಮಿನಲ್ಲಿ ಕೈ ಅದ್ದುತ್ತಿದ್ದರು. ಕತ್ತಿ, ಕೊಕ್ಕೆ, ಬೂಟು ಅದ್ದುತ್ತಿದ್ದದ್ದೂ ಅದರಲ್ಲೇ. ಬೆಳಿಗ್ಗೆ ಆ ನೀರು ನೀರಿನ ಬಣ್ಣದಲ್ಲಿರುತ್ತಿತ್ತು. ಮಧ್ಯಾಹ್ನದ ಬಣ್ಣಕ್ಕೆ ಯಾರೂ ಹೆಸರಿಟ್ಟಿರಲಿಲ್ಲ.

ಬೇಸಿನ್ನು ಕಂಡು ಎಲ್ಲರಿಗಿಂತ ಹೆಚ್ಚು ಖುಷಿಪಟ್ಟವನು ಎವಾರಿಸ್ತೊ. ಅವನ ಕೆಲಸ ಹಂದಿಯ ಕೂದಲು ಕೆರೆದು, ಹೊಟ್ಟೆ ಸೀಳಿ, ಒಳಗಿನದನ್ನು ಹೊರಗೆ ತೆಗೆಯುವುದು. ಕೆಲಸ ಅವನಿಗೆ ಇಷ್ಟ. ವಾಸನೆಯ ಬಗ್ಗೆ ಅವನಿಗೆ ದೂರಿರಲಿಲ್ಲ. ದೂರು ಇದ್ದದ್ದು ಮಗಳಿಗೆ.

ಮಗಳು ಯಾದಿರಾಗೆ ಆಗಸ್ಟಿನಲ್ಲಿ ಹದಿನೈದು ತುಂಬುವುದಿತ್ತು. ಹುಡುಗಿಯ ಹದಿನೈದಕ್ಕೆ ಬೆಳಿಗ್ಗೆ ಚರ್ಚಿನಲ್ಲಿ ಪೂಜೆ, ಸಂಜೆ ಊರಿಗೆಲ್ಲ ಊಟ. ಊಟಕ್ಕೆ ಮೊದಲು ಅಪ್ಪ ಎಲ್ಲರ ಮುಂದೆ ಮಗಳ ಕೈ ಹಿಡಿದು ವಾಲ್ಟ್ಸ್ ಕುಣಿಯಬೇಕು. ಊರಿನಲ್ಲಿ ಕುಡುಕರೂ ಆ ಒಂದು ಹಾಡು ಮುಗಿಯುವವರೆಗೆ ಕುಡಿಯದೆ ಇರುತ್ತಾರೆ. ಎವಾರಿಸ್ತೊ ಮಗಳು ಹುಟ್ಟಿದ ದಿನದಿಂದ ಆ ಹಾಡಿಗಾಗಿ ಕಾಯುತ್ತಿದ್ದ.

"ಅಪ್ಪಾ, ಕೈ ತೊಳ್ಕೊಂಡ್ಯಾ?" ಎಂದು ಕೇಳಿದ್ದಳು ಯಾದಿರಾ, ಅಡುಗೆಮನೆಯಲ್ಲಿ ಹೆಜ್ಜೆ ಕಲಿಸುವಾಗ.

"ತೊಳ್ಕೊಂಡೆ. ನಿಂಬೆಹಣ್ಣು, ಕಾಫಿ ಪುಡಿ, ಬಟ್ಟೆ ಸೋಪು, ಎಲ್ಲಾ ಹಾಕಿ."

ಅವಳು ಮೂಸಿ ನೋಡಿದಳು. "ಮುಂಚೆ ಬರೀ ಹಂದಿ ವಾಸನೆ ಇತ್ತು. ಈಗ ನಿಂಬೆಹಣ್ಣು ಹಿಂಡಿದ ಹಂದಿ. ಪಕ್ಕದ ಮನೆಯವ್ರು ತಟ್ಟೆ ಹಿಡ್ಕೊಂಡು ಬರ್ತಾರೆ ನೋಡು."

"ಹಾಗಾದ್ರೆ ನಿನ್ನ ಚಿಕ್ಕಪ್ಪನ ಜೊತೆ ಕುಣಿ. ಅವನು ಮೊಬೈಲ್ ಮಾರ್ತಾನೆ, ಕೈಗೆ ಏನೂ ಅಂಟಲ್ಲ."

"ಚಿಕ್ಕಪ್ಪನ್ನ ಯಾರು ಕೇಳಿದ್ರು? ಕುಣಿಯೋದು ನಿನ್ನ ಜೊತೇನೇ. ಆದ್ರೆ ಮೂಗು ಮುಚ್ಕೊಂಡು ಕುಣಿಯಕ್ಕಾಗಲ್ಲ ಅಪ್ಪಾ, ಇನ್ನೊಂದು ಕೈಯಲ್ಲಿ ಗೌನು ಎತ್ಕೋಬೇಕು."

ವಿಷಯ ಇಷ್ಟು. ಹಂದಿಯ ಕೊಬ್ಬು ಕೈ ಮೇಲೆ ಬೆಚ್ಚಗಿರುವಾಗಲೇ ಬಿಸಿನೀರು ಬೀಳಬೇಕು. ಮನೆ ಮುಟ್ಟುವಷ್ಟರಲ್ಲಿ ಅದು ಕೈಗೆರೆಗಳಲ್ಲಿ ಸಂಸಾರ ಹೂಡಿರುತ್ತದೆ. ಹಾಗಾಗಿ ಬೇಸಿನ್ನಿಗೆ ನೀರಿನ ಸಂಪರ್ಕ ಕೊಟ್ಟ ದಿನ ಎವಾರಿಸ್ತೊ ಅಂಗಿಯ ತೋಳು ಮಡಚಿಕೊಂಡು ಎಲ್ಲರಿಗಿಂತ ಮೊದಲು ಹೋಗಿ ನಿಂತ. ಮೊಣಕಾಲು ಎತ್ತಿದ.

"ಏಯ್! ಏನ್ ಮಾಡ್ತಿದ್ದೀಯ?"

ಕೂಗಿದವರು ಇಂಜಿನಿಯರ್ ಉರ್ಕೀಸಾ. ಅವರು ಓದಿದ್ದು ನೀರಾವರಿ. ಪುರಸಭೆಯಲ್ಲಿ ನೈರ್ಮಲ್ಯ ನಿರ್ದೇಶಕರ ಹುದ್ದೆ ಖಾಲಿಯಾದಾಗ, ಎರಡರಲ್ಲೂ ನೀರು ಇದೆ ಎಂಬ ಆಧಾರದ ಮೇಲೆ ನೇಮಕವಾದವರು.

"ಕೈ ತೊಳೀತೀನಿ, ಇಂಜಿನಿಯರ್ ಸಾಹೇಬ್ರೇ."

"ಇದ್ರಲ್ಲಾ?"

"ಇದು ಕೈ ತೊಳೆಯೋ ಬೇಸಿನ್ನಲ್ವಾ?"

"ಸದ್ಯಕ್ಕಲ್ಲ. ಸದ್ಯಕ್ಕೆ ಇದು ಉದ್ಘಾಟನೆಯಾಗದ ಕಾಮಗಾರಿ. ನೀನು ಈಗ್ಲೇ ತೊಳೆದುಬಿಟ್ರೆ ಅಧ್ಯಕ್ಷರು ಬಂದು ಏನನ್ನ ಉದ್ಘಾಟನೆ ಮಾಡ್ತಾರೆ? ನೀನು ತೊಳೆದ ನೀರನ್ನಾ?"

ಎವಾರಿಸ್ತೊನಿಗೆ ಅದು ನ್ಯಾಯವೆನಿಸಿತು. ಅವನು ಮೊಣಕಾಲು ಇಳಿಸಿದ.

ಮರುದಿನ ಬೇಸಿನ್ನಿಗೆ ಪ್ಲಾಸ್ಟಿಕ್ ಹೊದಿಸಿ, ರಿಬ್ಬನ್ ಕಟ್ಟಿ, ಮೇಲೆ ಪ್ರಕಟಣೆ ಅಂಟಿಸಲಾಯಿತು:

"ಈ ಹಸ್ತಪ್ರಕ್ಷಾಲನಾ ಘಟಕವು ಸಾರ್ವಜನಿಕ ಆಸ್ತಿಯಾಗಿರುತ್ತದೆ. ಉದ್ಘಾಟನೆಗೆ ಮೊದಲು ಇದರಲ್ಲಿ ಕೈ ತೊಳೆಯತಕ್ಕದ್ದಲ್ಲ. ಕೊಳಕು ಕೈಗಳನ್ನು ಘಟಕದ ಸಮೀಪ ತರತಕ್ಕದ್ದಲ್ಲ. ಸ್ವಚ್ಛ ಕೈಗಳನ್ನು ಹೊಂದಿರುವವರಿಗೆ ಘಟಕದ ಅಗತ್ಯವಿರುವುದಿಲ್ಲ."

ಎವಾರಿಸ್ತೊನ ಜೊತೆ ಕೆಲಸ ಮಾಡುವ, ಅವನನ್ನು ಕೊಂಪಾದ್ರೆ ಎಂದೇ ಕರೆಯುವ ಚೆಂಚೊ ಅದನ್ನು ಬೆರಳಿಟ್ಟು ಓದಿದ. ದೂರದಿಂದ ಬೆರಳಿಟ್ಟ.

"ಸರಿಯಾಗೇ ಬರ್ದಿದ್ದಾರೆ ಕೊಂಪಾದ್ರೆ. ಕೊಳಕಿದ್ರೆ ಬರಬಾರದು, ಇಲ್ದಿದ್ರೆ ಬರೋದು ಬೇಡ. ಗೊಂದಲಕ್ಕೆ ಜಾಗಾನೇ ಇಟ್ಟಿಲ್ಲ."

ಬೇಸಿನ್ನಿನ ಮೇಲೆ ನೊಣ ಕೂರುತ್ತಿತ್ತು. ಆದ್ದರಿಂದ ದಿನಕ್ಕೊಬ್ಬ ಕೆಲಸಗಾರ ಅದನ್ನು ಒರೆಸಬೇಕೆಂದು ಆದೇಶವಾಯಿತು. ಒರೆಸುವವನಿಗೆ ರಬ್ಬರ್ ಕೈಗವಸು ಕೊಡುತ್ತಿದ್ದರು. ಒರೆಸಿದ ಮೇಲೆ ವಾಪಸ್ ತೆಗೆದುಕೊಳ್ಳುತ್ತಿದ್ದರು. ಹಂದಿ ಸೀಳುವಾಗಲೂ ಕೊಡಬಹುದೇ ಎಂದು ಯಾರೋ ಕೇಳಿದರು. ಹಂದಿ ಪುರಸಭೆಯ ಆಸ್ತಿಯಲ್ಲ ಎಂಬ ಉತ್ತರ ಬಂತು.

ಉದ್ಘಾಟನೆ ತಡವಾಗಲು ಕಾರಣ ಪದ್ರಿನೊಗಳು.

ಸಾನ್ ಬಾರ್ತೊಲೊದಲ್ಲಿ ಯಾವ ಶುಭಕಾರ್ಯಕ್ಕೂ ಒಬ್ಬನೇ ಖರ್ಚು ಮಾಡುವುದಿಲ್ಲ. ಕೇಕಿಗೊಬ್ಬ ಪದ್ರಿನೊ, ಬ್ಯಾಂಡಿಗೊಬ್ಬ, ಹುಡುಗಿಯ ಮೊದಲ ಹೈ ಹೀಲ್ಸಿಗೆ ಒಬ್ಬ. ಯಾವ ವಸ್ತುವಿನ ಖರ್ಚು ಹೊತ್ತನೋ ಅದರ ಪದ್ರಿನೊ. ಹೊತ್ತ ಮೇಲೆ ಮನೆಯವರಿಗೆ ಅವನು ಕೊಂಪಾದ್ರೆ, ಸಾಯುವವರೆಗೆ ಸಂಬಂಧಿ. ಯಾದಿರಾಳ ಹಬ್ಬಕ್ಕೆ ಚೆಂಚೊ ಹೈ ಹೀಲ್ಸಿನ ಪದ್ರಿನೊ. ಔಷಧಿ ಅಂಗಡಿಯ ದೊನ್ ಪ್ಲುತಾರ್ಕೊ ಕೇಕಿನ ಪದ್ರಿನೊ. ಪುರಸಭೆಯ ಸಭಾಂಗಣಕ್ಕೆ ಸ್ವತಃ ಪುರಸಭಾಧ್ಯಕ್ಷ ದೊನ್ ನಾಬೋರ್ ಪದ್ರಿನೊ ಆಗಿದ್ದರು. ಹೋದ ಚುನಾವಣೆಯ ಮುಂಚೆ ಒಪ್ಪಿಕೊಂಡದ್ದು.

ಈಗ ಅಧ್ಯಕ್ಷರು ಬೇಸಿನ್ನಿಗೂ ಪದ್ರಿನೊಗಳು ಬೇಕೆಂದರು. ಜನರ ಸಹಭಾಗಿತ್ವ ಬೇಕೆಂಬುದು ಅವರ ವಾದ. ಬೇಸಿನ್ನಿನ ಹಣ ಈಗಾಗಲೇ ಸರ್ಕಾರದಿಂದ ಬಂದು ಖರ್ಚೂ ಆಗಿತ್ತು. ಆದರೂ ಸಹಭಾಗಿತ್ವಕ್ಕೆ ಜಾಗವಿತ್ತು. ನಲ್ಲಿಗೆ, ಕನ್ನಡಿಗೆ, ಬ್ರಷ್ಷಿಗೆ, ಮೋರಿಯ ಪೈಪಿಗೆ. ಊರಿನ ಉಳ್ಳವರೆಲ್ಲ ಮುಗಿಬಿದ್ದರು. ಪೈಪಿಗೆ ಇಬ್ಬರು ಪೈಪೋಟಿಗೆ ಬಿದ್ದು, ಕೊನೆಗೆ ಒಬ್ಬರು ಗೋಡೆಯ ಒಳಗಿನ ಭಾಗಕ್ಕೆ, ಇನ್ನೊಬ್ಬರು ಹೊರಗಿನ ಭಾಗಕ್ಕೆ ಎಂದು ರಾಜಿಯಾಯಿತು.

ಒಂದು ಸಂಜೆ ದೊನ್ ಪ್ಲುತಾರ್ಕೊ ಎವಾರಿಸ್ತೊನ ಮನೆ ಬಾಗಿಲಿಗೆ ಬಂದರು.

"ಎವಾರಿಸ್ತೊ, ಬೇಜಾರು ಮಾಡ್ಕೋಬೇಡಪ್ಪ. ಕೇಕಿಗೆ ನಾನು ಬರಕ್ಕಾಗಲ್ಲ. ಸೋಪಿನ ಪದ್ರಿನೊ ಆಗಿಬಿಟ್ಟೆ."

"ನನ್ನ ಮಗಳ ಕೇಕು, ದೊನ್ ಪ್ಲುತಾರ್ಕೊ?"

"ನೀನೇ ಯೋಚ್ನೆ ಮಾಡು. ಕೇಕು ಒಂದು ಸಂಜೆಗೆ ಮುಗಿದುಹೋಗುತ್ತೆ. ಈ ಸೋಪು ಮುಗಿಯೋದೇ ಇಲ್ಲ."

ಬ್ಯಾಂಡಿನ ಪದ್ರಿನೊ ಕನ್ನಡಿಗೆ ಹೋದ. ಬ್ಯಾಂಡಿನವರನ್ನು ಎವಾರಿಸ್ತೊ ಸಾಲದ ಮೇಲೆ ಒಪ್ಪಿಸಿದ. ಎವಾರಿಸ್ತೊನ ಹೆಂಡತಿ ಚಾಯೊ, ಬಿಟ್ಟುಹೋದವರ ಹೆಸರು ಹಿಡಿದು ತೊರ್ತಿಯಾ ರೊಟ್ಟಿ ತಟ್ಟಿದಳು. ಅಂದಿನ ತೊರ್ತಿಯಾಗಳು ಬಹಳ ತೆಳ್ಳಗಿದ್ದವು. ಕೊನೆಗೆ ಕೇಕನ್ನೂ ಚೆಂಚೊ ತನ್ನ ತಲೆ ಮೇಲೆ ಹಾಕಿಕೊಂಡ.

"ಹೀಲ್ಸಿಗೂ ನಾನೇ, ಕೇಕಿಗೂ ನಾನೇ. ಎರಡು ಸಲ ಕೊಂಪಾದ್ರೆ ಆದೆ ನಿಂಗೆ. ಇನ್ನೊಂದು ಸಲ ಆದ್ರೆ ಆಸ್ತಿಯಲ್ಲಿ ಪಾಲು ಕೊಡ್ಬೇಕಾಗುತ್ತೆ, ನೋಡ್ಕೋ."

"ಪಾಲಿಗೆ ನನ್ನ ಹತ್ರ ಇರೋದು ಈ ವಾಸನೆ ಮಾತ್ರ."

"ಅದು ನನ್ನ ಹತ್ರಾನೂ ಇದೆ. ಇಟ್ಕೋ."

ಜುಲೈನಲ್ಲಿ ರಾಜಧಾನಿಯಿಂದ ಆರೋಗ್ಯ ಇಲಾಖೆಯ ಇನ್ಸ್‌ಪೆಕ್ಟರ್ ಬಂದರು. ಬಿಳಿ ಕೋಟಿನ ಹೆಂಗಸು, ಕೈಯಲ್ಲಿ ಹತ್ತಿಯ ಕಡ್ಡಿಗಳ ಪೆಟ್ಟಿಗೆ. ಪ್ಲಾಸ್ಟಿಕ್ ಸರಿಸಿ ಬೇಸಿನ್ನಿನ ಒಳಗೆ ಹತ್ತಿ ಸವರಿದರು. ಆಮೇಲೆ ಸಾಲಿನಲ್ಲಿ ಮುಂದೆ ನಿಂತಿದ್ದ ಎವಾರಿಸ್ತೊನ ಅಂಗೈ ಮೇಲೆ ಸವರಿದರು. ಫಲಿತಾಂಶದೊಂದಿಗೆ ತಾವೇ ಮತ್ತೆ ಬಂದರು.

"ಇಷ್ಟು ಸ್ವಚ್ಛವಾದ ಬೇಸಿನ್ನು ನಾನು ಆಸ್ಪತ್ರೆಯಲ್ಲೂ ನೋಡಿಲ್ಲ. ಒಂದೇ ಒಂದು ಕ್ರಿಮಿ ಬೆಳೀಲಿಲ್ಲ."

ಇಂಜಿನಿಯರ್ ಉರ್ಕೀಸಾ ವಿನಯದಿಂದ ನೆಲ ನೋಡಿದರು.

"ಇವರ ಅಂಗೈಯಲ್ಲಿ ಮಾತ್ರ ಎಲ್ಲಾ ಬೆಳೀತು. ಇವರು ಕೈ ತೊಳೆಯೋದಿಲ್ವಾ?"

"ಬಹಳ ಶಿಸ್ತಿನ ಕಾರ್ಮಿಕರು ಮೇಡಂ. ಒಬ್ಬನೂ ಒಂದು ಸಲವೂ ತೊಳೆದಿಲ್ಲ."

ಇನ್ಸ್‌ಪೆಕ್ಟರ್ ತಮ್ಮ ನಮೂನೆಯ ಹಾಳೆ ತಿರುವಿದರು. ಅವರ ತಪಾಸಣೆ ಕಟ್ಟಡ ಮತ್ತು ಉಪಕರಣಗಳಿಗೆ ಸಂಬಂಧಿಸಿದ್ದು. ಕೈಗಳು ಕಟ್ಟಡವಲ್ಲ, ಉಪಕರಣವೆಂದು ನೋಂದಣಿಯಾಗಿಯೂ ಇರಲಿಲ್ಲ. ಆದ್ದರಿಂದ ಕಸಾಯಿಖಾನೆಗೆ ರಾಜ್ಯದ ಶ್ರೇಷ್ಠ ನೈರ್ಮಲ್ಯ ಪ್ರಶಸ್ತಿ ಬಂತು. ಕೈಗಳ ವಿಷಯ ವರದಿಯ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಬಂತು: "ಸಿಬ್ಬಂದಿಯ ಕೈಗಳು ತೊಳೆಯಲ್ಪಟ್ಟಿರುವುದಿಲ್ಲ."

ಬೇಸಿನ್ನು ಬರುವ ಮೊದಲು ಆ ಕೈಗಳು ಕೊಳಕೂ ಆಗಿರಲಿಲ್ಲ, ಸ್ವಚ್ಛವೂ ಆಗಿರಲಿಲ್ಲ. ಸುಮ್ಮನೆ ಕೈಗಳಾಗಿದ್ದವು. ಈಗ ಅವು ಅಧಿಕೃತವಾಗಿ ತೊಳೆಯದ ಕೈಗಳಾದವು. ಇಂಜಿನಿಯರ್ ಉರ್ಕೀಸಾ ತಮ್ಮ ಕರ್ತವ್ಯ ಮಾಡಿದರು. ಆಗಸ್ಟಿನಲ್ಲಿ ಹೊಸ ಪ್ರಕಟಣೆ ಹೊರಬಿತ್ತು:

"ಘಟಕದಲ್ಲಿ ತೊಳೆಯಲ್ಪಡದ ಕಸಾಯಿಖಾನೆಯ ಕೈಗಳಿಗೆ ಪುರಸಭೆಯ ಯಾವುದೇ ಕಟ್ಟಡದೊಳಗೆ ಪ್ರವೇಶವಿರುವುದಿಲ್ಲ."

ಸಭಾಂಗಣ ಪುರಸಭೆಯ ಕಟ್ಟಡ. ಅಂದು ಕೆಲಸ ಮುಗಿದ ಕೂಡಲೇ ಎವಾರಿಸ್ತೊ ಇಂಜಿನಿಯರ್ ಕಚೇರಿಯ ಕಿಟಕಿಯ ಹೊರಗೆ ನಿಂತ. ಕಚೇರಿಯೂ ಪುರಸಭೆಯ ಕಟ್ಟಡವೇ ಆಗಿತ್ತು.

"ಸಾಹೇಬ್ರೇ, ಈ ಶನಿವಾರ ನನ್ನ ಮಗಳ ಹದಿನೈದು. ನಾನು ಅವಳ ಜೊತೆ ಕುಣೀಬೇಕು."

"ಧಾರಾಳವಾಗಿ ಕುಣಿ. ನಿನಗೆ ಪ್ರವೇಶ ಇದೆ."

"ಕೈಗೆ?"

"ಕೈಗಿಲ್ಲ."

"ಮನೇಲಿ ಚೆನ್ನಾಗಿ ಉಜ್ಜಿ ತೊಳ್ಕೊಂಡು ಬರ್ತೀನಿ."

"ಅದು ಖಾಸಗಿಯಾಗಿ ತೊಳೆದಿದ್ದು. ಸರ್ಕಾರಕ್ಕೆ ಕಾಣಲ್ಲ."

"ಹಾಗಾದ್ರೆ ಬೇಸಿನ್ನಲ್ಲೇ ತೊಳೀತೀನಿ."

"ಉದ್ಘಾಟನೆ ಆಗಿಲ್ಲ."

"ಯಾವಾಗ ಆಗುತ್ತೆ ಸಾಹೇಬ್ರೇ?"

ಇಂಜಿನಿಯರ್ ಕಿಟಕಿಗೆ ಇನ್ನಷ್ಟು ಹತ್ತಿರ ಬಂದು, ವಾಸನೆಗೆ ಮತ್ತೆ ಹಿಂದೆ ಸರಿದರು. "ನೋಡು ಎವಾರಿಸ್ತೊ, ಪ್ರಶಸ್ತಿ ಬಂದ್ಮೇಲೆ ವಿಷಯ ಸೂಕ್ಷ್ಮ ಆಗಿದೆ. ಉದ್ಘಾಟನೆ ಮಾಡಿದ್ರೆ ನೀವೆಲ್ಲ ಕೈ ತೊಳೀತೀರ. ತೊಳೆದ್ರೆ ಬೇಸಿನ್ನು ಕೊಳೆಯಾಗುತ್ತೆ. ಕೊಳೆಯಾದ್ರೆ ಪ್ರಶಸ್ತಿ ವಾಪಸ್. ಊರಿನ ಮಾನದ ಪ್ರಶ್ನೆ."

ಮನೆಯಲ್ಲಿ ಯಾದಿರಾ ತಿಳಿನೀಲಿ ಗೌನನ್ನು ಮಂಚದ ಮೇಲೆ ಹರಡಿ ಪಕ್ಕದಲ್ಲಿ ಕೂತಿದ್ದಳು. ಗೌನಿಗೆ ಮಂಚ ಸಾಲದೆ ಅಂಚು ನೆಲಕ್ಕೆ ಬಿದ್ದಿತ್ತು.

"ನಮ್ಮ ಅಂಗಳದಲ್ಲೇ ಮಾಡೋಣ," ಅಂದಳು.

"ಮಳೆ," ಅಂದಳು ಚಾಯೊ. "ಕೆಸರಲ್ಲಿ ಈ ಗೌನು ಹಾಕ್ಕೊಂಡ್ರೆ ನೀನು ಕುಣಿಯಲ್ಲ, ನಾಟಿ ಮಾಡ್ತೀಯ. ಅಲ್ದೆ ಹಾಲ್ ಕೊಟ್ಟಿರೋದು ದೊನ್ ನಾಬೋರ್. ಬೇಡ ಅಂತ ಹೇಳೋರು ಯಾರು?"

ಅದನ್ನು ಹೇಳುವವರು ಆ ಮನೆಯಲ್ಲಿ ಇರಲಿಲ್ಲ. ಊರಿನಲ್ಲೂ ಇರಲಿಲ್ಲ.

"ಅಪ್ಪ ಕುಣೀದಿದ್ರೆ ನಾನು ಯಾರ ಜೊತೆಗೂ ಕುಣಿಯಲ್ಲ," ಅಂದಳು ಯಾದಿರಾ. "ಬ್ಯಾಂಡಿನವರು ಸುಮ್ನೆ ಬಾರಿಸ್ಲಿ. ನಾನು ಕೇಕಿನ ಪಕ್ಕ ಇನ್ನೊಂದು ಕೇಕಿನ ಹಾಗೆ ನಿಂತಿರ್ತೀನಿ."

ಎವಾರಿಸ್ತೊ ಮಗಳ ತಲೆ ಸವರಲು ಕೈ ಎತ್ತಿದ. ಎತ್ತಿದ ಕೈಯನ್ನು ನೋಡಿ, ಅದರಿಂದ ತನ್ನ ತಲೆಯನ್ನೇ ಕೆರೆದುಕೊಂಡ.

ಮರುದಿನ ಅವನು ಚೆಂಚೊನನ್ನು ಕರೆದುಕೊಂಡು ಅಧ್ಯಕ್ಷರ ಮನೆಗೆ ಹೋದ. ಅದು ಖಾಸಗಿ ಮನೆ, ಕೈಗಳಿಗೆ ಅಡ್ಡಿಯಿರಲಿಲ್ಲ. ದೊನ್ ನಾಬೋರ್ ದಪ್ಪಗಿನ, ಸಂತೋಷದ ಮನುಷ್ಯ. ಯಾರ ಕಷ್ಟವನ್ನಾದರೂ ಊಟ ಮಾಡುತ್ತಲೇ ಕೇಳುತ್ತಿದ್ದರು. ಇಂಜಿನಿಯರ್ ಉರ್ಕೀಸಾ ಪಕ್ಕದಲ್ಲಿ ಕೂತು, ಕೇಳಿದ್ದಕ್ಕೆ ನಿಯಮ ಹೇಳುತ್ತಿದ್ದರು.

ಎವಾರಿಸ್ತೊ ಎಲ್ಲವನ್ನೂ ಹೇಳಿ ಮುಗಿಸಿದ. ಅಧ್ಯಕ್ಷರು ಮೂಳೆಯೊಂದನ್ನು ಚೀಪಿ ಕೆಳಗಿಟ್ಟರು.

"ಎವಾರಿಸ್ತೊ, ನೀನು ನನಗೆ ವೋಟು ಹಾಕಿದ್ಯಾ?"

"ಹಾಕಿದ್ದೆ, ದೊನ್ ನಾಬೋರ್."

"ನಾನೂ ಹಾಕಿದ್ದೆ," ಅಂದ ಚೆಂಚೊ. "ನಮ್ಮಪ್ಪಾನೂ ಹಾಕಿದ್ರು. ತೀರ್ಕೊಂಡ್ ಮೇಲೆ."

"ನಿಷ್ಠಾವಂತ ಮನುಷ್ಯ. ಈಗ ಹೇಳಿ, ನಾನು ರಾಜಧಾನಿಗೆ ಹೋಗಿ ಮಾತಾಡಿದ್ರೆ ಅದು ಯಾರ ಮಾತು?"

"ನಿಮ್ದು."

"ತಪ್ಪು."

"ನಮ್ದಾ?"

"ನಿಮ್ದೇ. ಅಲ್ಲಿ ನಾನು ದೊಡ್ಡ ಹೋಟೆಲಲ್ಲಿ ಊಟ ಮಾಡಿದ್ರೆ, ಹೊಟ್ಟೆ ತುಂಬೋದು ಯಾರಿಗೆ?"

"ನಮಗೆ," ಅಂದ ಚೆಂಚೊ. "ಅದಕ್ಕೇ ಕೊಂಪಾದ್ರೆ, ಹೋದ ತಿಂಗಳು ನಮ್ಮನೇಲಿ ಏನೂ ಇಲ್ದಿದ್ರೂ ಯಾರಿಗೂ ಹಸಿವು ಅಂತ ಅನ್ನಿಸ್ಲೇ ಇಲ್ಲ."

"ಹಾಗಿದ್ರೆ," ಅಂದರು ಅಧ್ಯಕ್ಷರು, ತಮ್ಮ ಎರಡೂ ಕೈಗಳನ್ನು ಮೇಜಿನ ಮೇಲೆ ಚಾಚಿ, "ನಾನು ಕೈ ತೊಳೆದ್ರೆ?"

ಇಂಜಿನಿಯರ್ ಉರ್ಕೀಸಾ ನಿಧಾನವಾಗಿ ಎದ್ದು ನಿಂತರು. ತಮ್ಮ ಜೀವಮಾನದಲ್ಲಿ ಇಂಥ ನಿಯಮವೊಂದು ತಮಗೇ ಹೊಳೆಯಲಿಲ್ಲವಲ್ಲ ಎಂಬ ನೋವು ಅವರ ಮುಖದ ಮೇಲಿತ್ತು.

"ಪ್ರಾತಿನಿಧಿಕ ಹಸ್ತಪ್ರಕ್ಷಾಲನೆ," ಅಂದರು. "ಬೇಸಿನ್ನಿಗೂ ಅಪಾಯ ಇಲ್ಲ. ಅಧ್ಯಕ್ಷರ ಕೈ ಕೊಳಕಾಗಿರೋದು ಸಾಧ್ಯವೇ ಇಲ್ಲ."

ಶನಿವಾರ ಬೆಳಿಗ್ಗೆ ಚರ್ಚಿನಲ್ಲಿ ಯಾದಿರಾಳ ಪೂಜೆ ಮುಗಿದ ಮೇಲೆ ಕಸಾಯಿಖಾನೆಯ ಅಂಗಳದಲ್ಲಿ ಶಾಮಿಯಾನ ಹಾಕಿದರು. ಮುಂದಿನ ಸಾಲಿನ ಕುರ್ಚಿಗಳಲ್ಲಿ ನಲ್ಲಿ, ಬ್ರಷ್ಷು, ಕನ್ನಡಿ, ಸೋಪು ಮತ್ತು ಪೈಪಿನ ಎರಡು ಭಾಗಗಳ ಪದ್ರಿನೊಗಳು ಕೂತರು. ಕೆಲಸಗಾರರಿಗೆ ಹಗ್ಗದ ಹಿಂದೆ ಜಾಗ. ಚರ್ಚಿನ ಪಾದ್ರಿ ಬೇಸಿನ್ನಿನ ಮೇಲೆ ತೀರ್ಥ ಚಿಮುಕಿಸಿದರು. ಇಂಜಿನಿಯರ್ ಅದನ್ನು ಕೂಡಲೇ ಒರೆಸಿದರು.

ಅಧ್ಯಕ್ಷರು ಬಂದಾಗ ಸ್ವಲ್ಪ ತಡವಾಗಿತ್ತು. ದಾರಿಯಲ್ಲಿ ಅವರ ಪಿಕಪ್ ಪಂಕ್ಚರಾಗಿ, ಟೈರು ಬಿಚ್ಚುವಾಗ ಡ್ರೈವರಿಗೆ ಕೈ ಜೋಡಿಸಿದ್ದರು. ಅಲ್ಲಿಂದ ಸಂತೆಯಲ್ಲಿ ಇಳಿದು, ಕೊಬ್ಬಿನಲ್ಲಿ ಬೇಯಿಸಿದ ಹಂದಿಮಾಂಸ ತಿಂದು, ಸಂತೆಯವರೆಲ್ಲರ ಕೈ ಕುಲುಕಿ ಬಂದಿದ್ದರು. ರಿಬ್ಬನ್ ಕತ್ತರಿಸಿದರು. ನಲ್ಲಿಯ ಕೆಳಗೆ ಕೈ ಹಿಡಿದರು. ನೀರು ಬರಲಿಲ್ಲ. ನಲ್ಲಿಯನ್ನು ತಟ್ಟಿದರು, ತಿರುಪಿಗಾಗಿ ತಡಕಾಡಿದರು.

"ಮೊಣಕಾಲು, ದೊನ್ ನಾಬೋರ್," ಎಂದು ಪಿಸುಗುಟ್ಟಿದರು ಇಂಜಿನಿಯರ್.

ಅಧ್ಯಕ್ಷರು ಭಕ್ತಿಯಿಂದ ಮೊಣಕಾಲೂರಿದರು. ಅದನ್ನು ಕಂಡು ಪಾದ್ರಿ ಶಿಲುಬೆಯ ಗುರುತು ಮಾಡಿ ತಾವೂ ಊರಿದರು. ಪದ್ರಿನೊಗಳು ಊರಿದರು. ಹಗ್ಗದ ಹಿಂದೆ ಕೆಲಸಗಾರರು ಟೋಪಿ ತೆಗೆದು ಊರಿದರು. ಬ್ಯಾಂಡಿನವರು ಡ್ರಮ್ಮಿನ ಸಮೇತ ಊರಿದರು. ನೀರು ಮಾತ್ರ ಬರಲಿಲ್ಲ.

"ಊರೋದಲ್ಲ ಸ್ವಾಮಿ, ಒತ್ತೋದು! ಹಲಗೆ ಒತ್ತಿ!"

ಅಧ್ಯಕ್ಷರು ಎದ್ದು ಒತ್ತಿದರು. ಹಬೆಯಾಡುವ ನೀರು ಧುಮುಕಿತು. ಸೋಪು ಹಚ್ಚಿ, ಬ್ರಷ್ಷಿನಿಂದ ಉಜ್ಜಿ, ಅವರು ಎರಡೂ ಕೈ ತೊಳೆದರು. ಬೇಸಿನ್ನಿನಲ್ಲಿ ನೀರು ಮೊದಲು ಬೂದಿ ಬಣ್ಣಕ್ಕೆ, ಆಮೇಲೆ ಕಪ್ಪಿಗೆ ತಿರುಗಿತು. ಮೇಲೆ ಎಣ್ಣೆಯ ಕಣ್ಣುಗಳು ತೇಲಿದವು.

ಹಗ್ಗದ ಹಿಂದೆ ಗುಸುಗುಸು ಎದ್ದಿತು.

"ಅಯ್ಯಯ್ಯೋ, ನೋಡು ಕೊಂಪಾದ್ರೆ," ಅಂದ ಚೆಂಚೊ. "ನಮ್ಮ ಕೊಳೆ!"

"ಇಷ್ಟೊಂದಿತ್ತಾ ನಮ್ಮ ಕೈಯಲ್ಲಿ?" ಎವಾರಿಸ್ತೊನಿಗೆ ನಾಚಿಕೆಯಾಯಿತು. "ಪಾಪ, ಅಧ್ಯಕ್ಷರಿಗೆ ಎಷ್ಟು ಕಷ್ಟ ಕೊಟ್ವಿ."

ಚಪ್ಪಾಳೆ ನಿಲ್ಲಲು ಬಹಳ ಹೊತ್ತು ಹಿಡಿಯಿತು. ಇಂಜಿನಿಯರ್ ಬೇಸಿನ್ನನ್ನು ಕುದಿನೀರಿನಿಂದ ತೊಳೆದು, ಮತ್ತೆ ಪ್ಲಾಸ್ಟಿಕ್ ಹೊದಿಸಿ, ಹೊಸ ರಿಬ್ಬನ್ ಕಟ್ಟಿದರು. ಒಂದು ಆಡಳಿತಾವಧಿಗೆ ಒಂದು ಸಲ ತೊಳೆದರೆ ಸಾಕೆಂದು ತೀರ್ಮಾನವಾಗಿತ್ತು. ಕೆಲಸಗಾರರಿಗೆ ಪ್ರಮಾಣಪತ್ರ ಹಂಚಿದರು: "ಇದನ್ನು ಹೊಂದಿರುವ ವ್ಯಕ್ತಿಯ ಎರಡೂ ಕೈಗಳನ್ನು ಪುರಸಭಾಧ್ಯ‍ಕ್ಷರಲ್ಲಿ, ಮಣಿಕಟ್ಟಿನಿಂದ ಬೆರಳ ತುದಿಯವರೆಗೆ, ತೊಳೆಯಲಾಗಿದೆ."

ಎವಾರಿಸ್ತೊ ತನ್ನ ಅಂಗೈ ಮೂಸಿದ.

"ಕೊಂಪಾದ್ರೆ, ವಾಸನೆ ಹಾಗೇ ಇದೆ."

"ತಪ್ಪು ಕಡೆ ಮೂಸ್ತಿದ್ದೀಯ. ಪ್ರಮಾಣಪತ್ರ ಮೂಸು."

ಮೂಸಿದ. "ಇಂಕಿನ ವಾಸನೆ."

"ಹಂದಿ ಇದ್ಯಾ?"

"ಇಲ್ಲ."

"ಮತ್ತಿನ್ನೇನು?"

ಸಂಜೆ ಸಭಾಂಗಣದ ಬಾಗಿಲಲ್ಲಿ ಕಾವಲುಗಾರ ಪ್ರಮಾಣಪತ್ರ ನೋಡಿ ಎವಾರಿಸ್ತೊನ ಎರಡೂ ಕೈಗಳಿಗೆ ನಮಸ್ಕಾರ ಮಾಡಿ ಒಳಗೆ ಬಿಟ್ಟ. ಹೊರಗೆ ಮಳೆ ಸುರಿಯುತ್ತಿತ್ತು. ಒಳಗೆ ಊರೆಲ್ಲ ಇತ್ತು. ಚೆಂಚೊ ಮೊಣಕಾಲೂರಿ ಯಾದಿರಾಳ ಕಾಲಿಗೆ ಹೈ ಹೀಲ್ಸ್ ತೊಡಿಸಿದ. ಕಣ್ಣೊರೆಸಿಕೊಂಡು, ಕೇಕು ಕೂಡ ತನ್ನದೇ ಎಂದು ಅಕ್ಕಪಕ್ಕದವರಿಗೆ ಹೇಳಿದ. ಬ್ಯಾಂಡಿನವರು ವಾಲ್ಟ್ಸ್ ಎತ್ತಿದರು. ತಿಳಿನೀಲಿ ಗೌನು ನಡುಮನೆಯಷ್ಟು ಜಾಗ ಹಿಡಿದು ನೆಲದ ಮಧ್ಯಕ್ಕೆ ಬಂತು. ಎವಾರಿಸ್ತೊ ಬಾಡಿಗೆಯ ಕೋಟು ಸರಿಪಡಿಸಿಕೊಂಡು ಮುಂದೆ ಹೆಜ್ಜೆ ಇಟ್ಟ. ಕೈ ಚಾಚಿದ.

"ಒಂದು ನಿಮಿಷ," ಅಂದರು ಇಂಜಿನಿಯರ್ ಉರ್ಕೀಸಾ.

ಬ್ಯಾಂಡು ನಿಂತಿತು.

"ಒಂದು ತಾಂತ್ರಿಕ ಅಂಶ. ಪ್ರಮಾಣಪತ್ರದ ಪ್ರಕಾರ ಎವಾರಿಸ್ತೊನ ತೊಳೆದ ಕೈಗಳು ಅಧ್ಯಕ್ಷರಲ್ಲಿವೆ."

ಎಲ್ಲರೂ ಅಧ್ಯಕ್ಷರ ಕೈಗಳನ್ನು ನೋಡಿದರು. ಅವು ಗುಲಾಬಿ ಬಣ್ಣಕ್ಕೆ ತಿರುಗಿ, ಸೋಪಿನ ಪರಿಮಳ ಬೀರುತ್ತಿದ್ದವು.

"ಹಾಗಾದ್ರೆ ಇವು ಯಾರವು?" ಎವಾರಿಸ್ತೊ ತನ್ನ ತೋಳುಗಳ ತುದಿಯಲ್ಲಿದ್ದುದನ್ನು ಮುಂದೆ ಹಿಡಿದ.

"ಅವು ಪ್ರಮಾಣಪತ್ರದ ವ್ಯಾಪ್ತಿಗೆ ಬರೋದಿಲ್ಲ."

ದೊನ್ ನಾಬೋರ್ ಉದಾರಿ. ಕುರ್ಚಿಯಿಂದ ಎದ್ದೇಬಿಟ್ಟರು. "ಅದಕ್ಕೇನಂತೆ? ನಾನೇ ಕುಣೀತೀನಿ ಹುಡುಗಿ ಜೊತೆ."

"ಇಲ್ಲ ದೊನ್ ನಾಬೋರ್," ಅಂದಳು ಯಾದಿರಾ. ಅವಳ ದನಿ ಚಿಕ್ಕದಾಗಿತ್ತು. ಆದರೆ ಹೀಲ್ಸಿನ ಮೇಲೆ ಅವಳು ಇಂಜಿನಿಯರ್‌ಗಿಂತ ಎತ್ತರವಾಗಿದ್ದಳು. "ನಾನು ನಮ್ಮಪ್ಪನ ಜೊತೆ ಕುಣಿಯೋದು. ಇಲ್ದಿದ್ರೆ ಇಲ್ಲ."

ಅಧ್ಯಕ್ಷರಿಗೆ ಇಲ್ಲ ಎಂದದ್ದನ್ನು ಸಭಾಂಗಣ ಅಲ್ಲಿಯವರೆಗೆ ಕೇಳಿರಲಿಲ್ಲ. ಚಾಯೊ ಕುರ್ಚಿಯ ಬೆನ್ನು ಹಿಡಿದುಕೊಂಡಳು. ದೊನ್ ನಾಬೋರ್ ಹುಡುಗಿಯನ್ನು ನೋಡಿದರು, ಹೆಪ್ಪುಗಟ್ಟಿ ನಿಂತ ಅಪ್ಪನನ್ನು ನೋಡಿದರು, ಬಡಿಸಲು ಕಾದಿರುವ ಊಟದ ಕಡೆಗೂ ನೋಡಿದರು.

"ಉರ್ಕೀಸಾ, ಕಾಲಿನ ಬಗ್ಗೆ ಏನಾದ್ರೂ ನಿಯಮ ಇದ್ಯಾ?"

"ಕಾಲಿನ ಬಗ್ಗೆ ಇಲ್ಲ, ದೊನ್ ನಾಬೋರ್."

"ಮುಖ? ಎದೆ?"

"ನಿಷೇಧ ಇರೋದು ಕೈಗೆ ಮಾತ್ರ."

"ಹಾಗಾದ್ರೆ ಕೈ ಜೇಬಲ್ಲಿ ಇಟ್ಕೋ ಎವಾರಿಸ್ತೊ. ನಿನ್ನ ಕೈ ನಿನಗೆ ತಲುಪಿಸ್ತೀನಿ."

ಅಧ್ಯಕ್ಷರು ಎವಾರಿಸ್ತೊನ ಹಿಂದೆ ಬಂದು ನಿಂತು, ಅವನ ಎರಡೂ ಕಂಕುಳಿನ ಕೆಳಗಿಂದ ತಮ್ಮ ತೋಳುಗಳನ್ನು ಮುಂದಕ್ಕೆ ತೂರಿಸಿದರು. ಗುಲಾಬಿ ಕೈಗಳು ಎವಾರಿಸ್ತೊನ ಎದೆಯ ಮುಂದೆ ಅರಳಿದವು. ಇಂಜಿನಿಯರ್ ಸುತ್ತ ಒಂದು ಪ್ರದಕ್ಷಿಣೆ ಬಂದು ಪರಿಶೀಲಿಸಿ ತಲೆಯಾಡಿಸಿದರು. ಯಾದಿರಾ ಒಂದು ಕೈಯಲ್ಲಿ ಗೌನು ಎತ್ತಿಕೊಂಡು, ಇನ್ನೊಂದನ್ನು ಅಪ್ಪನ ಕೈಯಲ್ಲಿಟ್ಟಳು. ಬ್ಯಾಂಡು ಮೊದಲಿನಿಂದ ಶುರುಮಾಡಿತು.

ಅವರು ಕುಣಿದರು. ಅಧ್ಯಕ್ಷರ ಹೊಟ್ಟೆ ತಾಳಕ್ಕೆ ಸರಿಯಾಗಿ ಎವಾರಿಸ್ತೊನನ್ನು ಮುಂದಕ್ಕೆ ತಳ್ಳುತ್ತಿತ್ತು. ತಿರುಗುವ ಕಡೆ ಮೂವರೂ ಒಟ್ಟಿಗೆ, ಲಾರಿ ತಿರುಗಿದ ಹಾಗೆ, ಸ್ವಲ್ಪ ಅಗಲ ಜಾಗ ತೆಗೆದುಕೊಂಡು ತಿರುಗಿದರು. ಮಗಳ ಮುಖ ಎವಾರಿಸ್ತೊನ ಮುಖದ ಎದುರಿಗೇ ಇತ್ತು. ಅವಳು ಅಳುತ್ತಿದ್ದಳೋ ನಗುತ್ತಿದ್ದಳೋ ಅವನಿಗೆ ತಿಳಿಯಲಿಲ್ಲ, ಅವನ ಕಣ್ಣೂ ಮಂಜಾಗಿತ್ತು. ಒರೆಸಿಕೊಳ್ಳೋಣವೆಂದರೆ ಕೈ ಖಾಲಿ ಇರಲಿಲ್ಲ.

"ಅಪ್ಪಾ, ನಿನ್ನ ಕೈ ನಡುಗ್ತಿದೆ."

"ವಯಸ್ಸಾಯ್ತಲ್ಲ ಮಗಳೇ."

"ಆದ್ರೆ ಒಂಚೂರೂ ವಾಸನೆ ಇಲ್ಲ."

"ಎಷ್ಟು ಉಜ್ಜಿದ್ದೀನಿ ಗೊತ್ತಾ," ಅಂದ ಎವಾರಿಸ್ತೊ.

ಹಾಡು ಮುಗಿಯಿತು. ಕಸಾಯಿಖಾನೆಯ ಉಳಿದವರೂ ಕೈ ಜೇಬಿನಲ್ಲಿಟ್ಟುಕೊಂಡು ಅಧ್ಯಕ್ಷರ ಮುಂದೆ ಸಾಲು ನಿಂತರು, ಹೆಚ್ಚಿನವರಿಗೆ ಕುಣಿಯಲು ಹೆಂಡತಿಯರಿದ್ದರು. ಮುಂದಿನ ತಿಂಗಳು ಮದುವೆಯಿದ್ದ ಇಬ್ಬರು, ಆ ದಿನ ಕೈಗಳು ಊರಲ್ಲಿರುತ್ತವೆಯೇ ಎಂದು ಇಂಜಿನಿಯರ್ ಬಳಿ ವಿಚಾರಿಸಿಕೊಂಡರು. ದೊನ್ ಪ್ಲುತಾರ್ಕೊ ಎವಾರಿಸ್ತೊನ ಬಳಿ ಬಂದು, ಪರಿಮಳ ಬಾಗಿಲವರೆಗೂ ಬಂತೆಂದು ಹೇಳಿ, ಸೋಪು ತಮ್ಮದೆಂದು ನೆನಪಿಸಿದರು. ಚಾಯೊ ಗಂಡನ ಕೋಟಿನ ಬೆನ್ನಿನ ಸುಕ್ಕು ತೀಡಿದಳು.

ಚೆಂಚೊ ತಟ್ಟೆ ತುಂಬ ಕೇಕು ತಂದ.

"ಸೊಗಸಾಗಿ ಕುಣಿದೆ ಕೊಂಪಾದ್ರೆ. ಹಿಡಿತ ಅಂದ್ರೆ ಹಿಡಿತ. ಹುಡುಗಿ ಒಂದು ಸಲಾನೂ ಜಾರ್ಲಿಲ್ಲ."

ಎವಾರಿಸ್ತೊ ಸಂಕೋಚದಿಂದ ತಲೆ ತಗ್ಗಿಸಿದ.

"ಎಡಗೈ ಸ್ವಲ್ಪ ಬಿಗಿಯಾಯ್ತೇನೋ," ಅಂದ.